ವಾಲ್ವಿನ ಮುನಿಶಾಮಣ್ಣನಿಗೆ, ಕೇಸು ಮುಗಿದ ಮೇಲೆ

ನಮ್ಮ ಬೀದಿಗೆ ನೀರು ಬಿಡುತ್ತಿದ್ದ ಮುನಿಶಾಮಣ್ಣನಿಗೆ, ರೇಷ್ಮೆ ಶೆಡ್ಡಿನ ಸರೋಜ ಮಾಡುವ ನಮಸ್ಕಾರ.

ಹೋದವರನ್ನು 'ನೀವು' ಅನ್ನಬೇಕು ಎಂದು ನಮ್ಮ ಲಾಯರಮ್ಮ ಹೇಳಿದ್ದರು. ಹಾಗೇ ಒಂದು ಸಾಲು ಬರೆದು ನೋಡಿದೆ, ಸರಿಹೋಗಲಿಲ್ಲ, ಹೊಡೆದು ಹಾಕಿದೆ. ಇಪ್ಪತ್ತು ವರ್ಷ ಬಾಗಿಲಲ್ಲಿ ನಿಂತು "ಅಣ್ಣಾ, ಇನ್ನೊಂದು ಹತ್ತು ನಿಮಿಷ ಬಿಡು" ಎಂದು ಗೋಗರೆದವಳು ಈಗ ಬಹುವಚನ ತಂದರೆ ನೀನು ಸುಮ್ಮನಿರುತ್ತೀಯಾ? "ಏನು ಚೆಲ್ಲೆಮ್ಮಾ, ಮರ್ಯಾದೆ ಜಾಸ್ತಿ ಆಯ್ತು, ನೀರು ಏನಾದ್ರೂ ಜಾಸ್ತಿ ಬೇಕಾ?" ಅನ್ನುತ್ತಿದ್ದೆ. ತೆಲುಗಿನಲ್ಲಿ ತಂಗಿಯನ್ನು ಕರೆಯುವ ಆ ಹೆಸರಿನಿಂದ ನನ್ನನ್ನು ಕರೆದವನು ಈ ಊರಿನಲ್ಲಿ ನೀನೊಬ್ಬನೇ. ಆದ್ದರಿಂದ ನೀನು ಎಂದೇ ಬರೆಯುತ್ತೇನೆ. ಕೋಪ ಮಾಡಿಕೊಳ್ಳಲು ನಿನಗೆ ಬೇರೆ ಕಾರಣಗಳು ಸಾಕಷ್ಟಿವೆ.

ನಿನ್ನನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಹೆಗಲ ಮೇಲಿನ ಆ ಉದ್ದನೆಯ ಕಬ್ಬಿಣದ ಕೀಲಿ. ಒಂಬತ್ತು ದಿನಕ್ಕೋ ಹತ್ತು ದಿನಕ್ಕೋ ಒಮ್ಮೆ ನಮ್ಮ ಸರದಿ. ನೀನು ಬೀದಿಯ ತುದಿಯಲ್ಲಿ ಕಲ್ಲು ಸರಿಸಿ, ಗುಂಡಿಗೆ ಕೀಲಿ ಇಳಿಸಿ, ಲುಂಗಿ ಎತ್ತಿ ಕಟ್ಟಿ ವಾಲ್ವು ತಿರುಗಿಸುವಾಗ ಇಡೀ ಬೀದಿ ಬಿಂದಿಗೆ ಹಿಡಿದು ಬಾಗಿಲಿಗೆ ಬರುತ್ತಿತ್ತು. ಆಮೇಲೆ ನೀನು ನಮ್ಮ ಮನೆ ಮುಂದೆ ಬಂದು ಕೀಲಿಯಿಂದ ಪೈಪಿಗೆ ಬಡಿಯುತ್ತಿದ್ದೆ. ಒಂದು ಏಟು ಬಿದ್ದರೆ ಕೆರೆ ಅಂಗಳದ ಬೋರಿನ ಮೆದು ನೀರು. ಎರಡು ಏಟು ಬಿದ್ದರೆ ಗುಡ್ಡದ ಬೋರಿನ ಗಡಸು ನೀರು. ಗಡಸು ನೀರಿನಲ್ಲಿ ರೇಷ್ಮೆ ಗೂಡು ಬೇಯಿಸಿದರೆ ನೂಲಿನ ಹೊಳಪು ಹೋಗುತ್ತದೆ, ಎಳೆ ಒರಟಾಗುತ್ತದೆ ಎಂದು ನಾನು ಎಂದೋ ಒಂದು ದಿನ ನಿನ್ನ ಹತ್ತಿರ ಗೊಣಗಿದ್ದೆ, ಅಷ್ಟೇ. ಹಾಗೆ ಬಡಿ ಎಂದು ನಾನು ಕೇಳಿರಲಿಲ್ಲ. ಯಾವ ಕಚೇರಿಯೂ ನಿನಗೆ ಹೇಳಿರಲಿಲ್ಲ. ಒಂದು ಏಟು ಕೇಳಿದರೆ ನಮ್ಮ ಶೆಡ್ಡಿನ ಕೆಲಸದ ಪಾಪಮ್ಮ ಗೂಡು ಬೇಯಿಸುವ ನೀರಿನ ತೊಟ್ಟಿ ತುಂಬಿಸುವಳು, ಎರಡು ಕೇಳಿದರೆ ನೆಲ ತೊಳೆಯುವ ಡ್ರಮ್ಮು ಸಾಕು ಅನ್ನುವಳು. ಮುಳಬಾಗಿಲಿನ ಮಾರ್ಕೆಟ್ಟಿನಲ್ಲಿ ಬೈರಕೂರು ಕಡೆಯ ರೈತರ ಒಳ್ಳೆಯ ಗೂಡನ್ನು ಹುಡುಕಿ ತರುವುದು ನನ್ನ ಜಾಣತನ ಎಂದು ನಾನು ಬೀಗುತ್ತಿದ್ದೆ. ಆ ಗೂಡಿಗೆ ತಕ್ಕ ನೀರು ಸಿಗುತ್ತಿದ್ದದ್ದು ಯಾರಿಂದ?

ಆ ಬಿಲ್ಲು ಬಂದ ದಿನ ನೆನಪಿದೆಯಾ? ನಮ್ಮವರು ಹೋದ ಮೇಲೆ ನನಗೆ ಉಳಿದದ್ದು ಮನೆಯ ಹಿಂದಿನ ಆ ಶೆಡ್ಡು, ಆರು ಬೇಸಿನ್ನು, ಅವುಗಳ ಮುಂದೆ ಕೂತು ನೂಲು ತೆಗೆಯುವ ಆರು ಜನ ಹೆಂಗಸರು. ಮನೆಗೆ ಒಂದು ನಲ್ಲಿ, ಶೆಡ್ಡಿಗೆ ಬೇರೆ ನಲ್ಲಿ. ಶೆಡ್ಡಿನದ್ದು ಕೈಗಾರಿಕೆ ಲೆಕ್ಕಕ್ಕೆ, ಅದರ ದರ ಮನೆಯದಕ್ಕಿಂತ ಎಷ್ಟೋ ಪಟ್ಟು. ಹೊಸ ಮೀಟರು ಕೂರಿಸಿದ ಮೇಲೆ ಬಂದ ಬಿಲ್ಲು ನೋಡಿ ನಾನು ಬಾಗಿಲ ಮೆಟ್ಟಿಲಲ್ಲೇ ಕೂತುಬಿಟ್ಟೆ. ನಮ್ಮ ತೊಟ್ಟಿಗಳೆಲ್ಲ ಸೇರಿದರೂ ಅಷ್ಟು ನೀರು ಹಿಡಿಯುವುದಿಲ್ಲ. ಜೊತೆಗೆ ಒಂದು ನೋಟೀಸು: ಕಟ್ಟದಿದ್ದರೆ ಸಂಪರ್ಕ ಕಡಿತ. ಶೆಡ್ಡಿಗೆ ನೀರು ನಿಂತರೆ ಶೆಡ್ಡು ನಿಂತ ಹಾಗೆ. ಗೂಡನ್ನು ಬೇಯಿಸದೆ ಇಟ್ಟುಕೊಳ್ಳುವ ಹಾಗಿಲ್ಲ, ಚಿಟ್ಟೆ ತೂತು ಮಾಡಿ ಹೊರಗೆ ಬರುತ್ತದೆ, ಆಮೇಲೆ ಅದು ನೂಲಿಗೆ ಬರುವುದಿಲ್ಲ. ಟ್ಯಾಂಕರಿನವನು ಯಾವ ಬೋರಿನ ನೀರು ತರುತ್ತಾನೋ ಅವನಿಗೇ ಗೊತ್ತಿರುವುದಿಲ್ಲ.

ನೀನು ಬಿಲ್ಲು ಓದಲಿಲ್ಲ. "ಕಾಗ್ದ ಒಳಗಿಡು, ಮೀಟರ್ ತೋರ್ಸು" ಅಂದೆ. ಅವತ್ತು ನಮ್ಮ ಸರದಿಯ ದಿನ, ವಾಲ್ವು ತಿರುಗಿಸಿ ಆಗಲೇ ಬಂದಿದ್ದೆ. ಕೀಲಿಯ ಒಂದು ತುದಿ ಪೈಪಿನ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಕೊಟ್ಟು ಕುಕ್ಕರಗಾಲಲ್ಲಿ ಕೂತೆ. ಡಾಕ್ಟರು ಎದೆಗೆ ಹಿಡಿದು ಕೇಳುವ ಹಾಗೆ. ನಲ್ಲಿಯಲ್ಲಿ ಒಂದು ಹನಿ ನೀರಿಲ್ಲ, ಬರೀ ಬುಸ್ ಬುಸ್. ಮೀಟರಿನ ಮುಳ್ಳು ಮಾತ್ರ ಗಿರಗಿರ ತಿರುಗುತ್ತಿತ್ತು.

"ಕೇಳ್ದಾ ಚೆಲ್ಲೆಮ್ಮಾ? ಇದು ಗಾಳಿ. ಒಂಬತ್ತು ದಿನ ಪೈಪು ಖಾಲಿ ಬಿದ್ದಿರ್ತದೆ, ತುಂಬಾ ಗಾಳಿ. ನಾನು ವಾಲ್ವು ಬಿಟ್ರೆ ನೀರು ಹಿಂದುಗಡೆಯಿಂದ ಅದನ್ನ ನೂಕ್ಕೊಂಡು ಬರ್ತದೆ. ಮೀಟರ್‌ಗೆ ಏನ್ ಗೊತ್ತು ಗಾಳಿ ಯಾವ್ದು ನೀರ್ ಯಾವ್ದು ಅಂತ? ತಿರುಗ್ತದೆ."

"ಹಂಗಾದ್ರೆ ಗಾಳಿಗೂ ನಾನು ದುಡ್ಡು ಕೊಡ್ಬೇಕಾ ಅಣ್ಣಾ?"

"ಇಷ್ಟು ದಿನ ಕೊಟ್ಟಿದ್ದೀಯ" ಅಂದೆ. ನಗಲಿಲ್ಲ ನೀನು. ನಿನ್ನ ಮುಖ ಅಷ್ಟು ಗಂಭೀರವಾಗಿದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು.

ಸಾಕ್ಷಿ ಹೇಳುತ್ತೇನೆ ಎಂದು ನೀನಾಗಿಯೇ ಅಂದೆಯಲ್ಲ, ಅದನ್ನು ನಾನು ಆಗ ಎಷ್ಟು ಹಗುರವಾಗಿ ತೆಗೆದುಕೊಂಡೆ! ಕಚೇರಿಯ ಸುತ್ತ ಅಲೆದು ಚಪ್ಪಲಿ ಸವೆಸಿ, ಕೊನೆಗೆ ಕೋಲಾರದಲ್ಲಿ ಲಾಯರಮ್ಮನನ್ನು ಹಿಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಗಾಳಿ ಅಂತ ಹೇಳೋಕೆ ನಿಮ್ಮ ಹತ್ರ ಯಾರಿದ್ದಾರೆ?" ನಾನು ನಿನ್ನ ಹೆಸರು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಪುರಸಭೆಯ ಕೆಲಸದವನು ಪುರಸಭೆಯ ವಿರುದ್ಧ ಸಾಕ್ಷಿ ಹೇಳುತ್ತಾನಾ? ಅದೂ ದಿನಗೂಲಿಯವನು? ಇಪ್ಪತ್ತೆರಡು ವರ್ಷ ದಿನಗೂಲಿಯಲ್ಲಿದ್ದು, ಖಾಯಂ ಆಗುವವರ ಪಟ್ಟಿಯಲ್ಲಿ ನಿನ್ನ ಹೆಸರು ಅಂತೂ ಇಂತೂ ಸೇರಿದ್ದ ವರ್ಷ ಅದು. ನಾನು ಬಂದು ಅದನ್ನೇ ಕೇಳಿದೆ. ನೀನು ಕಿವಿಯ ಹಿಂದಿನ ಬೀಡಿ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡೆ.

"ಖಾಯಂ ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ. ನಾನು ಬಿಡೋದು ನೀರು. ಗಾಳಿ ಬಿಟ್ಟು ನೀರು ಅಂತ ಬರ್ಸಿದ್ರೆ ನನ್ ಕೆಲ್ಸಕ್ಕೇ ಅವಮಾನ ಅಲ್ವಾ?"

ಅಷ್ಟೇ ಹೇಳಿದ್ದು. ಇಂಥ ಮಾತನ್ನು ದೊಡ್ಡ ದೊಡ್ಡವರು ವೇದಿಕೆಯ ಮೇಲೆ ಹೇಳಿದ್ದರೆ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ನೀನು ಮೋರಿ ಪಕ್ಕ ನಿಂತು ಹೇಳಿದೆ, ನಾನು "ಸರಿ ಅಣ್ಣ, ಕಾಫಿ ಕುಡಿ" ಅಂದೆ.

ಅಡುಗೆಮನೆ ಗೋಡೆಯ ಆ ಪೈಪಿನ ವಿಷಯ ನಿನಗೆ ಹೇಗೆ ಗೊತ್ತಾಯಿತು ಎಂದು ನಾನು ಯಾವತ್ತೂ ಕೇಳಲಿಲ್ಲ. ಕೇಳುವುದೇನು, ನಮ್ಮ ಬೀದಿಯ ಅಷ್ಟೂ ರೇಷ್ಮೆ ಮನೆಗಳಲ್ಲಿ ಅದು ಇತ್ತು. ಮನೆ ಮುಂದೆ, ಶೆಡ್ಡು ಹಿಂದೆ, ನಡುವೆ ಒಂದು ಗೋಡೆ. ಮನೆ ನಲ್ಲಿಯ ನೀರು ಉಳಿದರೆ ಗೋಡೆಯಲ್ಲಿ ತೂರಿಸಿದ ಪೈಪಿನಲ್ಲಿ ಶೆಡ್ಡಿನ ತೊಟ್ಟಿಗೆ. ಶೆಡ್ಡಿನಲ್ಲಿ ಉಳಿದರೆ ಅದೇ ನೀರಿನಲ್ಲಿ ಅನ್ನ. ನಮಗೆ ಅದು ಕಳ್ಳತನ ಅನ್ನಿಸಿಯೇ ಇರಲಿಲ್ಲ. ಯಾವುದು ಮನೆ, ಯಾವುದು ಕಾರ್ಖಾನೆ ಎಂದು ಹುಳುವಿನ ವಾಸನೆಗೆ ಗೊತ್ತಾ? ಅದು ನಮ್ಮ ಹಾಸಿಗೆಯವರೆಗೂ ಬರುತ್ತದೆ. ಹಾಗಾಗಿ ಲಾಯರಮ್ಮ "ಮನೆ ನೀರನ್ನು ಶೆಡ್ಡಿಗೆ ಬಳಸೋದಿಲ್ಲ ಅಲ್ವಾ?" ಎಂದು ಕೇಳಿದಾಗ ನಾನು ಇಲ್ಲ ಎಂದು ತಲೆ ಆಡಿಸಿದೆ, ಅವರು ಬರೆದುಕೊಂಡರು, ಪ್ರಮಾಣ ಮಾಡಿ ಸಹಿ ಹಾಕಿದೆ. ನಿನಗೆ ಮಾತ್ರ ಕೋರ್ಟಿನ ಹಿಂದಿನ ವಾರ ಹೇಳಿದೆ, "ಪೈಪಿನ ವಿಷ್ಯ ಬಂದ್ರೆ ಗೊತ್ತಿಲ್ಲ ಅಂದ್ಬಿಡು ಅಣ್ಣ" ಎಂದು.

"ಕೇಳಿದ್ರೆ ಹೇಳ್ತೀನಿ ಚೆಲ್ಲೆಮ್ಮಾ. ಕೇಳದೇ ಇರ್ಲಿ ಅಂತ ದೇವ್ರಿಗೆ ಕೈ ಮುಗಿ" ಅಂದೆ. ನಾನು ನಕ್ಕೆ. ತಮಾಷೆ ಎಂದುಕೊಂಡೆ. ನಿನ್ನ ತಮಾಷೆ ಯಾವುದು, ನಿಜ ಯಾವುದು ಎಂದು ತಿಳಿಯುವುದು ಅಷ್ಟು ಸುಲಭವಿರಲಿಲ್ಲ.

ಕೋರ್ಟಿನಿಂದ ಕಮಿಷನರು ಬಂದ ದಿನವನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಸ್ಥಳ ನೋಡಿ ವರದಿ ಕೊಡಲು ಜಡ್ಜು ಸಾಹೇಬರು ಕಳಿಸಿದ್ದ ಕನ್ನಡಕದ ಸಣ್ಣ ವಯಸ್ಸಿನ ವಕೀಲರು ಅವರು. ಪುರಸಭೆಯ ಕಡೆಯ ವಕೀಲರೂ ಬಂದಿದ್ದರು, ಬಿಳಿ ಪ್ಯಾಂಟಿಗೆ ಮೋರಿ ನೀರು ಸಿಡಿಯದ ಹಾಗೆ ದೂರ ನಿಂತಿದ್ದರು. ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ ಎಂದು ನೀನು ನನ್ನ ಕಡೆ ತಿರುಗಿ ಒಂದು ದೊಡ್ಡ ಕವರು ಕೇಳಿದೆ. ನನ್ನ ಕೈಗೆ ಸಿಕ್ಕಿದ್ದು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರು, ಮೇಲೆ ನಗುವ ಮದುಮಗಳ ಚಿತ್ರ. ನೀನು ಅದನ್ನು ಶೆಡ್ಡಿನ ನಲ್ಲಿಯ ಬಾಯಿಗೆ ಟ್ಯೂಬಿನ ತುಂಡಿನಿಂದ ಬಿಗಿಯಾಗಿ ಕಟ್ಟಿದೆ. ಬೀದಿ ತುದಿಗೆ ಹೋಗಿ ವಾಲ್ವು ತಿರುಗಿಸಿದೆ. ಓಡುತ್ತಾ ಬಂದೆ.

ಮದುಮಗಳು ಉಬ್ಬತೊಡಗಿದಳು. ಕೆನ್ನೆ ಉಬ್ಬಿತು, ಒಡವೆ ಉಬ್ಬಿತು. ಕೆಳಗೆ ಮೀಟರು ಗಿರಗಿರ. ಕಮಿಷನರು ಒಮ್ಮೆ ಕವರು ನೋಡುತ್ತಾರೆ, ಒಮ್ಮೆ ಮೀಟರು ನೋಡುತ್ತಾರೆ. ನೀನು ಕೈ ಕಟ್ಟಿ ನಿಂತು, "ನೀರು ಎಲ್ಲಿದೆ ಹೇಳಿ ಸ್ವಾಮಿ, ಒಂದು ಹನಿ ತೋರ್ಸಿ" ಅನ್ನುವುದಕ್ಕೂ ಕವರು ಢಬ್ ಎಂದು ಒಡೆಯುವುದಕ್ಕೂ ಸರಿಹೋಯಿತು. ಕಮಿಷನರ ಕನ್ನಡಕ ಮೂಗಿನಿಂದ ಜಾರಿತು. ಪಕ್ಕದ ಶೆಡ್ಡಿನ ಖಾದರ್ ಭಾಯಿ "ಯಾ ಅಲ್ಲಾ" ಎಂದು ಕೂಗಿದರು. ಬಿಳಿ ಪ್ಯಾಂಟಿನ ವಕೀಲರೂ ನಕ್ಕುಬಿಟ್ಟರು, ಆಮೇಲೆ ಕೆಮ್ಮಿದರು. ಅವತ್ತು ಶೆಡ್ಡಿನ ಹೆಂಗಸರೆಲ್ಲ ನಿನ್ನನ್ನು ಸಿನಿಮಾ ಹೀರೋನ ನೋಡಿದ ಹಾಗೆ ನೋಡಿದರು. ನನಗೂ ಹೆಮ್ಮೆ. ನನ್ನ ಸ್ವಂತ ಅಣ್ಣ ಅನ್ನುವ ಹಾಗೆ...

ಕೋಲಾರಕ್ಕೆ ಹೋದ ದಿನ ನೀನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ. ಬಸ್ಸಿನಲ್ಲಿ ನಾನೇ ನಿನ್ನನ್ನು ಕಿಟಕಿ ಪಕ್ಕ ಕೂರಿಸಿದೆ. ಕೋರ್ಟಿನ ಎದುರಿನ ಹೋಟೆಲಿನಲ್ಲಿ ದೋಸೆ ಕೊಡಿಸಿದರೆ ಅರ್ಧ ತಿಂದು ಅರ್ಧ ಬಿಟ್ಟೆ. ನಿನಗೂ ಹೆದರಿಕೆ ಆಗುತ್ತದೆ ಎಂದು ಅವತ್ತು ಗೊತ್ತಾಯಿತು. ಕಮಿಷನರ ವರದಿ ನಮ್ಮ ಪರವಾಗಿಯೇ ಇತ್ತು. ಆದರೆ ಅದು ಒಂದು ದಿನದ್ದು, ಉಳಿದ ದಿನಗಳಲ್ಲೆಲ್ಲ ಗಾಳಿ ಬಂದಿತ್ತು ಅನ್ನುವುದಕ್ಕೆ ಏನು ಸಾಕ್ಷಿ ಎಂದು ಪುರಸಭೆಯವರ ವಾದ. ಎಲ್ಲ ನಿನ್ನ ನಾಲಿಗೆಯ ಮೇಲೆ ನಿಂತಿತ್ತು. ಕಟಕಟೆಗೆ ಹತ್ತುವ ಮುಂಚೆ ನೀನು ಚಪ್ಪಲಿ ಬಿಟ್ಟೆ. ಬಿಡಬೇಕಾಗಿಲ್ಲ ಎಂದು ಅಲ್ಲಿನವರು ಹೇಳಿದರೂ ಮತ್ತೆ ಹಾಕಿಕೊಳ್ಳಲಿಲ್ಲ.

"ಗಾಳಿಗೆ ಮೀಟರ್ ತಿರುಗುತ್ತೆ ಅಂತೀಯಲ್ಲ, ನೀನೇನು ಇಂಜಿನಿಯರಾ?" ಎಂದು ಬಿಳಿ ಪ್ಯಾಂಟಿನ ವಕೀಲರು ಕೇಳಿದರು.

"ಅಲ್ಲ ಸ್ವಾಮಿ. ಇಪ್ಪತ್ತೆರಡು ವರ್ಷದಿಂದ ಪೈಪಿಗೆ ಕಿವಿ ಕೊಟ್ಟೋನು. ಇಂಜಿನಿಯರ್ ಸಾಹೇಬ್ರು ಬಂದ್ರೂ ಯಾವ ಪೈಪು ಎಲ್ಲಿ ಹೋಗಿದೆ ಅಂತ ನನ್ನೇ ಕೇಳ್ತಾರೆ."

ಜಡ್ಜು ಸಾಹೇಬರು ತಲೆ ಎತ್ತಿ ನಿನ್ನನ್ನು ನೋಡಿದರು. ನಾನು ಹಿಂದಿನ ಬೆಂಚಿನಲ್ಲಿ ಗೆದ್ದೇ ಬಿಟ್ಟೆವು ಎಂದು ಸೆರಗು ಸರಿಮಾಡಿಕೊಂಡೆ. ಆಗ ಬಂತು ವಕೀಲರ ಮುಂದಿನ ಪ್ರಶ್ನೆ.

"ಯಾವ ಪೈಪು ಎಲ್ಲಿ ಹೋಗಿದೆ ಅಂತ ನಿನಗೇ ಗೊತ್ತು ಅಂದೆ. ಸರಿ. ಈಯಮ್ಮನ ಮನೆ ನಲ್ಲಿಯಿಂದ ಶೆಡ್ಡಿಗೆ ಪೈಪು ಹೋಗಿದೆಯಾ?"

ನೀನು ನನ್ನನ್ನು ನೋಡಿದೆ. ನಾನು ಕಣ್ಣಲ್ಲೇ ಬೇಡಿದೆ.

"ಹೋಗಿದೆ ಸ್ವಾಮಿ."

"ಎಲ್ಲಿ?"

"ಅಡುಗೆಮನೆ ಗೋಡೇಲಿ, ಕೆಳಗಡೆ. ಹಸಿರು ಪೈಪು."

ಅಣ್ಣ, ಬಣ್ಣವನ್ನೂ ಹೇಳಬೇಕಿತ್ತಾ? ಇದೆ ಅಂದಿದ್ದರೆ ಸಾಲದಿತ್ತಾ? ಲಾಯರಮ್ಮ ತಿರುಗಿ ನನ್ನ ಕಡೆ ನೋಡಿದ ನೋಟಕ್ಕೆ ನಾನು ಬೆಂಚಿನೊಳಗೆ ಇಳಿದು ಹೋದೆ. ಪ್ರಮಾಣ ಮಾಡಿ ಸುಳ್ಳು ಹೇಳಿದವಳು ನಾನು. ಆದರೆ ಆ ಗಳಿಗೆಯಲ್ಲಿ ನನ್ನ ಪಾಲಿಗೆ ತಪ್ಪು ಮಾಡಿದವನು ನೀನು.

ವಾಪಸ್ಸು ಬರುವಾಗ ನಾನು ಬಸ್ಸಿನ ಮುಂದೆ ಕೂತೆ, ನೀನು ಹಿಂದೆ. ಇಳಿದ ಮೇಲೆ ನೀನು "ಚೆಲ್ಲೆಮ್ಮಾ" ಅಂದೆ. ನಾನು ನಿಲ್ಲಲಿಲ್ಲ. ಈಗ ಬರೆಯುವುದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ, ಆದರೂ ಬರೆಯಬೇಕು. ಮಾರನೆಯ ದಿನ ಶೆಡ್ಡಿನಲ್ಲಿ, ಅದರ ಮಾರನೆಯ ದಿನ ಖಾದರ್ ಭಾಯಿ ಮನೆಯಲ್ಲಿ, ಆಮೇಲೆ ಗಿರಣಿಯಲ್ಲಿ, ಹಾಲಿನ ಡೈರಿಯಲ್ಲಿ, ಸಿಕ್ಕ ಸಿಕ್ಕಲ್ಲಿ ಹೇಳಿಕೊಂಡು ತಿರುಗಿದೆ. "ಖಾಯಂ ಮಾಡ್ತೀವಿ ಅಂತ ಕಚೇರಿಯವರು ಆಸೆ ತೋರ್ಸಿದ್ದಾರೆ, ಅದಕ್ಕೇ ಮುನಿಶಾಮಿ ಕೋರ್ಟಲ್ಲಿ ಉಲ್ಟಾ ಹೊಡ್ದ. ನನ್ನ ಕತ್ತು ಕುಯ್ದ" ಎಂದು. ಮುನಿಶಾಮಿ ಅಂದೆ, ಅಣ್ಣ ಅನ್ನಲಿಲ್ಲ. ಹೇಳಿ ಹೇಳಿ ಅದು ನನಗೇ ನಿಜವಾಗಿಬಿಟ್ಟಿತು. ಗಾಳಿಯ ವಿಷಯದಲ್ಲಿ ನೀನು ಆಡಿದ ಮಾತಿಗೇ ನಿನ್ನ ಖಾಯಂ ಕಾಗದ ಕಚೇರಿಯಲ್ಲಿ ಎಲ್ಲೋ ಅಡಿಗೆ ಬಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಮಾತು ವಾಪಸ್ಸು ತೆಗೆದುಕೊಳ್ಳುವುದು ಎಷ್ಟು ಕಷ್ಟ ಅಂತೀಯ?

ಆಮೇಲೆ ನೀನು ಬದುಕಿದ್ದ ಒಂದೂವರೆ ವರ್ಷ, ನೀನು ಬರುವ ಹೊತ್ತಿಗೆ ನಾನು ಬಾಗಿಲು ಮುಚ್ಚಿಕೊಂಡು ಒಳಗೆ ಇರುತ್ತಿದ್ದೆ. ಬಿಂದಿಗೆ ಇಡಲು ಪಾಪಮ್ಮನನ್ನು ಕಳಿಸುತ್ತಿದ್ದೆ. ನೀನು ಮಾತ್ರ ಎಂದಿನಂತೆ ಬಂದು ಪೈಪಿಗೆ ಬಡಿದು ಹೋಗುತ್ತಿದ್ದೆ. ಒಂದು ಏಟು. ಇಲ್ಲವೇ ಎರಡು. ಒಂದು ಸಲವೂ ತಪ್ಪಿಸಲಿಲ್ಲ. ಮಾತು ಬಿಟ್ಟವಳ ನೂಲಿನ ಹೊಳಪು ನಿನಗೇಕೆ ಬೇಕಿತ್ತು? ನಾನಾಗಿದ್ದರೆ ಬಡಿಯುತ್ತಿರಲಿಲ್ಲ. ಗಡಸು ನೀರಿನಲ್ಲಿ ಬೇಯಿಸಿಕೊಳ್ಳಲಿ, ಬುದ್ಧಿ ಬರಲಿ ಅನ್ನುತ್ತಿದ್ದೆ. ನಾನು ಒಳಗೆ ಕೂತು ಆ ಏಟು ಎಣಿಸುತ್ತಿದ್ದೆ, ಅದರಂತೆ ತೊಟ್ಟಿ ತುಂಬಿಸಿಕೊಳ್ಳುತ್ತಿದ್ದೆ, ಕೋಪವನ್ನೂ ಹಾಗೇ ಇಟ್ಟುಕೊಂಡಿದ್ದೆ. ನಾಚಿಕೆ ಆಗಲಿಲ್ಲವಾ ಎಂದು ಕೇಳಬೇಡ. ಈಗ ಆಗುತ್ತಿದೆ.

ನೀನು ಹೋದ ಸುದ್ದಿ ತಂದವಳು ಪಾಪಮ್ಮ. ಶ್ರೀನಿವಾಸಪುರದಲ್ಲಿ ಮಗಳ ಮನೆಗೆ ಹೋಗಿದ್ದವನಿಗೆ ಎದೆನೋವು ಬಂತಂತೆ, ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿಯಿತಂತೆ. ನಾನು ನಿಮ್ಮ ಬೀದಿಯವರೆಗೂ ಬಂದೆ, ಅಣ್ಣ. ಶಾಮಿಯಾನ ಕಂಡಿತು. ಪುರಸಭೆಯ ಕೆಲಸದವರೆಲ್ಲ ಹೊರಗೆ ನಿಂತಿದ್ದರು. ನಿನ್ನ ಕೀಲಿಯನ್ನು ಯಾರೋ ಗೋಡೆಗೆ ಒರಗಿಸಿದ್ದರು. ಒಳಗೆ ಬಂದರೆ ಅತ್ತಿಗೆಯ ಮುಖ ನೋಡಬೇಕಲ್ಲ ಎಂದು ಹಾಗೇ ತಿರುಗಿಬಿಟ್ಟೆ. ಬೀದಿ ತುದಿಯಿಂದ ಕೈ ಮುಗಿದೆ. ಅದು ಲೆಕ್ಕಕ್ಕೆ ಬರುತ್ತದಾ?

ನೀನು ಹೋದ ಮೇಲೆ ಹೊಸಬನನ್ನು ಹಾಕಿದರು. ಒಳ್ಳೆಯವನೇ, ಹೊತ್ತಿಗೆ ಸರಿಯಾಗಿ ಬರುತ್ತಾನೆ. ಆದರೆ ಯಾವ ಬೋರಿನ ನೀರು ಎಂದು ಕೇಳಿದರೆ "ನೀರು ನೀರೇ ಅಲ್ವಾ ಅಮ್ಮಾ" ಅನ್ನುತ್ತಾನೆ. ಎರಡು ಲಾಟು ನೂಲು ಮಂಕಾಯಿತು. ಕೊಳ್ಳುವವರು ಎಳೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಏನಮ್ಮಾ, ಕೈ ಕೆಟ್ಟಿತಾ?" ಅಂದರು. ನನ್ನ ಕೈ ಎಂದೂ ಚೆನ್ನಾಗಿರಲಿಲ್ಲ, ಚೆನ್ನಾಗಿದ್ದದ್ದು ನಿನ್ನ ಕೈ ಎಂದು ಅಲ್ಲಿ ಹೇಳಲು ಬಾಯಿಗೆ ಬಂದಿತ್ತು.

ಈಗ ಸುದ್ದಿಗೆ ಬರುತ್ತೇನೆ. ಹೋದ ತಿಂಗಳು ಕೋಲಾರದಿಂದ ಲಾಯರಮ್ಮ ಫೋನು ಮಾಡಿದರು, ತೀರ್ಪು ಬಂದಿದೆ, ಬಂದು ಕೂತು ಕೇಳಿ ಎಂದು. ನನ್ನ ಸುಳ್ಳು ಸಿಕ್ಕಿಬಿದ್ದಿದೆ, ಶೆಡ್ಡು ಮುಗಿಯಿತು ಎಂದುಕೊಂಡೇ ಬಸ್ಸು ಹತ್ತಿದೆ. ದಾರಿಯಲ್ಲಿ ಬೇಸಿನ್ನುಗಳನ್ನು ಯಾರಿಗೆ ಮಾರುವುದು ಎಂದು ಕೂಡ ಯೋಚಿಸಿದ್ದೆ. ಲಾಯರಮ್ಮ ಇಂಗ್ಲಿಷಿನಲ್ಲಿದ್ದ ತೀರ್ಪನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಗಾಳಿಗೆ ತಿರುಗಿದ ಮೀಟರಿನ ಬಿಲ್ಲು ರದ್ದು. ಪೈಪಿನಿಂದ ಗಾಳಿ ಹೊರಗೆ ಬಿಡುವ ವ್ಯವಸ್ಥೆ ಮಾಡಿ, ಆಮೇಲೆ ಅಳೆದು, ಹೊಸದಾಗಿ ಬಿಲ್ಲು ಕೊಡಬೇಕು. ಅಲ್ಲಿಯವರೆಗೆ ಶೆಡ್ಡಿನ ನೀರು ಕಡಿಯುವ ಹಾಗಿಲ್ಲ. ನನ್ನನ್ನೂ ಬಿಡಲಿಲ್ಲ ಜಡ್ಜು ಸಾಹೇಬರು. ಮನೆ ನೀರನ್ನು ಶೆಡ್ಡಿಗೆ ಬಿಟ್ಟದ್ದು ತಪ್ಪು, ಪ್ರಮಾಣ ಮಾಡಿ ಅದನ್ನು ಮುಚ್ಚಿಟ್ಟದ್ದು ಇನ್ನೂ ದೊಡ್ಡ ತಪ್ಪು, ಆ ನೀರಿಗೆ ಕೈಗಾರಿಕೆ ದರವನ್ನೇ ಕಟ್ಟಬೇಕು. ಕಟ್ಟುತ್ತೇನೆ ಎಂದೆ. ಶೆಡ್ಡು ಉಳಿಯಿತು ಅಣ್ಣ, ಆರೂ ಬೇಸಿನ್ನು ಉಳಿದವು.

ಹೇಗೆ ಉಳಿಯಿತು ಎಂದು ನಾನು ಕೇಳಿದೆ, ಇಂಥ ಸುಳ್ಳು ಸಿಕ್ಕಿದ ಮೇಲೂ. ಲಾಯರಮ್ಮ ಒಂದು ಪುಟ ತಿರುಗಿಸಿ ಬೆರಳಿಟ್ಟರು. ಅಲ್ಲಿ ನಿನ್ನ ಹೆಸರಿಲ್ಲ, 'ಎರಡನೇ ಸಾಕ್ಷಿ' ಎಂದಿದೆ. ಅವರು ಹೇಳಿದ್ದನ್ನು ನಾನು ಬರೆದುಕೊಂಡು ಬಂದೆ, ಹಾಗೇ ಇಲ್ಲಿ ಇಳಿಸುತ್ತೇನೆ. ವಾದಿಯ ಮಾತನ್ನು ನಂಬಲು ಆಗುವುದಿಲ್ಲ. ಆದರೆ ಈ ಎರಡನೇ ಸಾಕ್ಷಿ ತನಗೆ ಕೆಲಸ ಕೊಟ್ಟವರಿಗೂ ಒಪ್ಪದ ಮಾತು ಹೇಳಿದ್ದಾನೆ, ತನ್ನನ್ನು ಕರೆಸಿದವಳಿಗೂ ಒಪ್ಪದ ಮಾತು ಹೇಳಿದ್ದಾನೆ. ಗಾಳಿಯ ವಿಷಯದಲ್ಲಿ ಸುಳ್ಳು ಹೇಳುವ ಮನಸ್ಸಿದ್ದವನು ಪೈಪಿನ ವಿಷಯದಲ್ಲಿ ನಿಜ ಹೇಳುತ್ತಿರಲಿಲ್ಲ. ಆದ್ದರಿಂದ ಅವನ ಮಾತನ್ನು ಪೂರ್ತಿಯಾಗಿ ನಂಬುತ್ತೇನೆ.

ಅಂದರೆ ನನ್ನ ಕತ್ತು ಕುಯ್ದ ಎಂದು ನಾನು ಊರೆಲ್ಲ ಹೇಳಿದ ಆ ಮಾತೇ ನನ್ನ ಶೆಡ್ಡನ್ನು ಉಳಿಸಿದ್ದು. ನಾನು ಹೇಳಿಕೊಟ್ಟ ಹಾಗೆ ನೀನು "ಗೊತ್ತಿಲ್ಲ ಸ್ವಾಮಿ" ಅಂದಿದ್ದರೆ? ಅವರು ಬಂದು ಗೋಡೆ ನೋಡಿದ್ದರೆ? ಆಗ ನಿನ್ನ ಗಾಳಿಯೂ ಸುಳ್ಳು, ನನ್ನ ಕಣ್ಣೀರೂ ಸುಳ್ಳು... ಲಾಯರಮ್ಮನ ಕಚೇರಿಯಲ್ಲಿ ನಾನು ಅತ್ತದ್ದನ್ನು ನೋಡಿ ಅವರು ಗೆದ್ದ ಖುಷಿ ಎಂದುಕೊಂಡರು.

ಬಸ್ಸಿಳಿದವಳು ಮನೆಗೆ ಹೋಗದೆ ನೇರ ನಿಮ್ಮ ಮನೆಗೆ ಬಂದೆ. ಅತ್ತಿಗೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ನನ್ನನ್ನು ನೋಡಿ ಮಣೆ ಸರಿಸಿದರು. ನಾನು ಬರೆದುಕೊಂಡಿದ್ದನ್ನು ಓದಿದೆ. ಅವರಿಗೆ ನನ್ನ ಬರಹದ ಕನ್ನಡ ಅರ್ಧವಷ್ಟೇ ಅರ್ಥವಾಯಿತು ಎಂದು ಕಾಣುತ್ತದೆ, ತೆಲುಗಿನಲ್ಲಿ ಮತ್ತೆ ಹೇಳಿದೆ. ಅವರು ಕೈಯಲ್ಲಿದ್ದ ಹುಣಸೆಹಣ್ಣನ್ನು ಕೆಳಗಿಟ್ಟರು. "ಮಳ್ಳೀ ಚದುವಮ್ಮಾ" ಅಂದರು, ಇನ್ನೊಂದು ಸಲ ಓದು ಎಂದು. ಮೂರು ಸಲ ಓದಿಸಿದರು. ಮೂರನೆಯ ಸಲ ಮುಗಿದ ಮೇಲೆ ನಾನು ಅವರ ಕಾಲು ಹಿಡಿದುಕೊಂಡೆ, ನಾನು ಊರೆಲ್ಲ ಹೇಳಿದ್ದನ್ನು ಅವರ ಮುಂದೆ ನನ್ನ ಬಾಯಿಂದಲೇ ಹೇಳಿದೆ. ಅವರು ನನ್ನ ಕೈ ಬಿಡಿಸಿ, "ಇದನ್ನ ನನ್ ಹತ್ರ ಯಾಕ್ ಹೇಳ್ತೀಯ? ಎಲ್ಲಿ ಹೇಳಿದ್ಯೋ ಅಲ್ಲಿ ಹೋಗಿ ಹೇಳು" ಅಂದರು. ನಿನ್ನ ಹೆಂಡತಿಯೇ ಸರಿ.

ನಿನ್ನೆ ನಮ್ಮ ಬೀದಿಗೆ ನೀರು ಬರುವ ದಿನ. ಎಲ್ಲರೂ ಬಿಂದಿಗೆ ಹಿಡಿದು ಬಾಗಿಲಲ್ಲಿದ್ದರು. ಹಿಂದಿನ ದಿನವೇ ಗಾರೆಯವನನ್ನು ಕರೆಸಿ ಆ ಹಸಿರು ಪೈಪು ಕೀಳಿಸಿ ಗೋಡೆ ಮುಚ್ಚಿಸಿದ್ದೆ. ನಾನು ಬೀದಿಯ ಮಧ್ಯಕ್ಕೆ ಹೋಗಿ ನಿಂತೆ. ಕಟಕಟೆಯಲ್ಲಿ ನಿನಗೂ ಇಷ್ಟೇ ಹೆದರಿಕೆ ಆಗಿತ್ತಾ? "ಎಲ್ರೂ ಒಂದ್ನಿಮಿಷ ಕೇಳಿ" ಎಂದು ಕೂಗಿದೆ. ಗೋಡೆಯಲ್ಲಿ ಪೈಪು ಇದ್ದದ್ದು ನಿಜ, ಇಲ್ಲ ಎಂದು ಪ್ರಮಾಣ ಮಾಡಿದ್ದು ನನ್ನ ಸುಳ್ಳು. ಮುನಿಶಾಮಣ್ಣ ಖಾಯಂ ಆಸೆಗೆ ಉಲ್ಟಾ ಹೊಡೆದ ಎಂದದ್ದು ಅದಕ್ಕಿಂತ ದೊಡ್ಡ ಸುಳ್ಳು. ಅವನು ಹೇಳಿದ ನಿಜದಿಂದಲೇ ನನ್ನ ಶೆಡ್ಡು ಉಳಿಯಿತು. ಆ ಮಾತು ಕೇಳಿ ಯಾರು ಯಾರು ಅವನನ್ನು ತಪ್ಪು ತಿಳಿದರೋ ಅವರೆಲ್ಲ ಅದನ್ನು ಇವತ್ತೇ ಮನಸ್ಸಿನಿಂದ ತೆಗೆದುಹಾಕಿ ಎಂದೆ.

ನನಗೆ ಉಗಿಯುತ್ತಾರೆ ಎಂದುಕೊಂಡೆ. ಖಾದರ್ ಭಾಯಿ ಬಿಂದಿಗೆ ಕೆಳಗಿಟ್ಟು ತಲೆ ಕೆರೆದುಕೊಂಡರು.

"ತೆಗೆದುಹಾಕೋಕೆ ಏನಿದೆ ಸರೋಜಮ್ಮಾ? ಮುನಿಶಾಮಿ ಅಂಥೋನಾ? ಕೋಪದಲ್ಲಿ ಏನೋ ಹೇಳ್ತಾ ಇದ್ರಿ, ಪಾಪ ಅಂತ ನಾವು ಹೂಂ ಹೂಂ ಅಂದ್ವಿ."

ಪಾಪಮ್ಮ ನನ್ನ ಕೈಗೆ ಬಿಂದಿಗೆ ಕೊಟ್ಟು, "ಆವಯ್ಯನ ಬಗ್ಗೆ ಅಂಥಾ ಮಾತು ಯಾರಮ್ಮಾ ನಂಬ್ತಾರೆ? ನೀರು ಬಂತು, ಹಿಡೀರಿ" ಅಂದಳು.

ಇಷ್ಟು ದಿನ, ಈ ಇಡೀ ಬೀದಿಯಲ್ಲಿ, ಅದನ್ನು ನಂಬಿದ್ದವಳು ನಾನೊಬ್ಬಳೇ ಅಣ್ಣ.

ನಿನ್ನ ಚೆಲ್ಲೆಮ್ಮ,
ಸರೋಜ